ಚಹಾ ಕುಡಿಯದೆ ಮುಗಿಸಿದ ಮೋಜಣಿ

ಸರ್ವೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಕಳೆದ ತಿಂಗಳು ಹೊನ್ನಾವರದ ನಮ್ಮ ಮನೆಗೆ ಬಂದಿದ್ದರು. ಕೋಲಿನ ತುದಿಗೆ ಅಣಬೆ ಕೂರಿಸಿದಂಥ ಒಂದು ಯಂತ್ರವನ್ನು ಕಾರಿನಿಂದ ಇಳಿಸಿ ತೋರಿಸಿದರು. ಅದಕ್ಕೆ ರೋವರ್ ಎಂದು ಹೆಸರು. ಗದ್ದೆಯ ನಡುವೆ ಅದನ್ನು ನಿಲ್ಲಿಸಿದರೆ ಆಕಾಶದ ಉಪಗ್ರಹಗಳನ್ನೇ ಮಾತನಾಡಿಸಿ, ನಾವು ನಿಂತ ಜಾಗ ಯಾವುದೆಂದು ಎರಡು ಬೆರಳಿನ ಅಂತರದೊಳಗೆ ಹೇಳುತ್ತದಂತೆ. ನಾನು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮೂವತ್ನಾಲ್ಕು ವರ್ಷ ಜಮೀನು ಅಳೆದವನು. ಎಷ್ಟೋ ಸಲ ನಾನು ನಿಂತ ಜಾಗ ಯಾವುದೆಂದು ನನಗೇ ಗೊತ್ತಿರಲಿಲ್ಲ. ಅದನ್ನೇ ಹೇಳಿದೆ. ತಮಾಷೆ ಎಂದುಕೊಂಡು ಇಬ್ಬರೂ ನಕ್ಕರು.

ಹೊರಡುವಾಗ, "ಸರ್, ನಮಗೆ ಉಪಯೋಗಕ್ಕೆ ಬರುವಂಥದ್ದು ಏನಾದ್ರೂ ಬರೆದುಕೊಡಿ" ಎಂದರು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ವರ್ಗಾವಣೆಯನ್ನು ಹೇಗೆ ತಪ್ಪಿಸಿಕೊಂಡೆ ಎಂಬುದರಿಂದ ನನ್ನ ಹೆಂಡತಿಗೇ ಉಪಯೋಗವಾಗಲಿಲ್ಲ, ಇವರಿಗೇನು ಆದೀತು? ಹಾಗಾಗಿ ನನ್ನ ತಪ್ಪುಗಳನ್ನು ಬರೆಯೋಣ ಎಂದು ಕೂತಿದ್ದೇನೆ. ಆ ವಿಷಯದಲ್ಲಿ ನನ್ನ ದಾಸ್ತಾನು ದೊಡ್ಡದು. ಅವುಗಳಲ್ಲಿ ಈಗಲೂ ಚುಚ್ಚುವ ತಪ್ಪು ಒಂದೇ, ಅದು ಕೊರೊನಾ ಕಾಲದ್ದು. ಅದನ್ನು ಹೇಳಬೇಕಾದರೆ ಮೊದಲು ಚಹಾದ ವಿಷಯ ಹೇಳಬೇಕು.

ನನ್ನ ಮೊದಲ ಪೋಸ್ಟಿಂಗ್ ಭಟ್ಕಳದಲ್ಲಿ. ಆಗ ನಮ್ಮ ಯಂತ್ರವೆಂದರೆ ಕಬ್ಬಿಣದ ಸರಪಳಿ. ಅದನ್ನು ಎಳೆಯಲು ಜಟ್ಟಪ್ಪ ಎಂಬ ಹಿರಿಯ ನೌಕರರಿದ್ದರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಕಾಗದದ ಪ್ರಕಾರ ನಾನು ಸಾಹೇಬ, ಅವರು ಕೈಕೆಳಗಿನವರು. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದರು ಎಂಬುದು ಮಾತ್ರ ಊರಿಗೆಲ್ಲ ಗೊತ್ತಿತ್ತು.

ಮುಟ್ಟಳ್ಳಿಯಲ್ಲಿ ಅಣ್ಣ ತಮ್ಮಂದಿರ ಗದ್ದೆ ಪಾಲಾಗುವುದಿತ್ತು. ಪಾಲಿನ ಮೋಜಣಿಗೆ ಹೋದೆವು. ಬ್ರಿಟಿಷರ ಮುಂಬೈ ಪ್ರಾಂತ್ಯದ ಕಾಲದಿಂದ ಬಂದ ಮಾತು ಅದು, ನಮ್ಮ ಕಡೆಯ ಹಳಬರು ಸರ್ವೆಗೆ ಈಗಲೂ ಮೋಜಣಿ ಅನ್ನುತ್ತಾರೆ. ಹಳೆಯ ಪುಸ್ತಕದಲ್ಲಿ ಗದ್ದೆಯ ಮೂಡಣ ಮೂಲೆಯಲ್ಲಿ ಒಂದು ಬಾಂದು ಕಲ್ಲು, ಅಂದರೆ ಗಡಿ ಕಲ್ಲು, ಇದೆ ಎಂದಿತ್ತು. ಮರದ ಬುಡದಲ್ಲಿ ಒಂದು ಕಲ್ಲು ಕಂಡಿತು. ಕೊಲಂಬಸನಿಗೆ ನೆಲ ಕಂಡಷ್ಟು ಸಂತೋಷವಾಗಿ ಸರಪಳಿ ಕಟ್ಟಿಯೇ ಬಿಟ್ಟೆ. ಜಟ್ಟಪ್ಪ ಎರಡು ಸಲ ಕೆಮ್ಮಿದರು. ಬೀಡಿಯ ಕೆಮ್ಮು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಕೊಟ್ಟಿಗೆ ತಮ್ಮನ ಪಾಲಿಗೂ, ತಮ್ಮನ ಬಾವಿ ಪಕ್ಕದವರ ಪಾಲಿಗೂ ಹೋಗಿತ್ತು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ನನ್ನನ್ನು ಬೈಯುವುದಕ್ಕಾಗಿ ಒಂದಾದರು.

ಆಮೇಲೆ ಅಂಗಳದಲ್ಲಿ ಎಲ್ಲರಿಗೂ ಚಹಾ ಬಂತು. ಲೋಟ ಕೊಡುತ್ತ ಅವರ ತಾಯಿ ಮೆಲ್ಲಗೆ ಕೇಳಿದರು: "ಎಲ್ಲಾ ಆತು ಸಾಹೇಬ್ರೆ, ನಮ್ಮ ಜಟಗನ ಕುತ್ಗಿಗೆ ಎಂತಕ್ಕೆ ಸರಪಳಿ ಕಟ್ಟಿದ್ರಿ?"

ನಾನು ಸರಪಳಿ ಕಟ್ಟಿದ್ದು ಆ ಮನೆಯ ದೇವರಿಗೆ! ನಿಜವಾದ ಬಾಂದು ಕಲ್ಲು ಹುಲ್ಲಿನ ಬಣವೆಯ ಅಡಿಯಲ್ಲಿ ತಣ್ಣಗೆ ಮಲಗಿತ್ತು. ಜಟಗನಿಗೆ ಒಂದು ಕಾಯಿ ಒಡೆಸಿ ಮತ್ತೆ ಮೊದಲಿನಿಂದ ಅಳೆದೆ. ದಾರಿಯಲ್ಲಿ ಜಟ್ಟಪ್ಪನವರಿಗೆ, "ಮೊದಲೇ ಹೇಳಬಾರದಿತ್ತಾ?" ಎಂದು ಸಿಡುಕಿದೆ.

"ಕೆಮ್ಮಿದ್ನಲ್ಲ, ಎರಡು ಸಲ" ಎಂದರು ಜಟ್ಟಪ್ಪ. "ಎಲ್ಲರ ಎದ್ರಿಗೆ ಸಾಹೇಬ್ರು ತಪ್ಪಿದ್ರು ಅಂತ ಹೇಳೂಕೆ ಆತದ್ಯಾ? ಒಂದು ಮಾತು ನೆನಪಿಟ್ಕಣಿ. ಚಾ ಕುಡೀದೆ ಮೋಜಣಿ ಮುಗ್ಸೂದಲ್ಲ. ಸರಪಳಿ ಹಿಡ್ದಾಗ ಜನ ಕಾಗದದಲ್ಲಿ ಇದ್ದದ್ದು ಮಾತಾಡ್ತಾರೆ. ಚಾ ಬಂದಾಗ ನೆಲದ ಮೇಲೆ ಇದ್ದದ್ದು ಮಾತಾಡ್ತಾರೆ."

ಆಮೇಲೆ ಮೂವತ್ತು ವರ್ಷ ನಾನು ಚಹಾ ಬಿಡಲಿಲ್ಲ. ಮಳೆಗಾಲದ ನೀರು ಯಾರ ಗದ್ದೆಯಿಂದ ಯಾರ ಗದ್ದೆಗೆ ಇಳಿಯುತ್ತದೆ, ಯಾರ ಬಾವಿಗೆ ಯಾರು ಕೊಡ ಹಿಡಿದು ಬರುತ್ತಾರೆ, ಯಾರ ಅಂಗಳ ಹಾದು ಯಾರು ಬಸ್ಸಿಗೆ ಹೋಗುತ್ತಾರೆ, ಇವು ಯಾವುವೂ ನಕ್ಷೆಯಲ್ಲಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಬ್ಬರ ಹಿತ್ತಲು ದಾಟುವುದಕ್ಕೆ ಯಾರೂ ಅಪ್ಪಣೆ ಕೇಳಿದವರಲ್ಲ, "ಎಂತ, ಊಟ ಆತಾ?" ಎಂದರೆ ಅದೇ ಅಪ್ಪಣೆ. ಹೀಗೆ ಬರೆದಿಡದ ದಾರಿಗಳೆಲ್ಲ ಎರಡನೆಯ ಲೋಟದ ಹೊತ್ತಿಗೆ ತಾವಾಗಿ ಹೊರಗೆ ಬರುತ್ತಿದ್ದವು. ಇದರಿಂದ ನನಗೆ ಒಳ್ಳೆಯ ಹೆಸರು ಬಂತು, ಜೊತೆಗೆ ಆಸಿಡಿಟಿಯೂ ಬಂತು.

ಹೊನ್ನಾವರದಲ್ಲಿ ನನಗೊಬ್ಬರು ಮೇಲಧಿಕಾರಿ ಇದ್ದರು. ಅವರು ನಮ್ಮ ಅಳತೆಯನ್ನು ತಪಾಸಣೆ ಮಾಡುತ್ತಿದ್ದುದು ತಮ್ಮ ಕೊಡೆಯಿಂದ. "ನನ್ನ ಕೊಡೆ ಸರಿಯಾಗಿ ಮೂರು ಅಡಿ" ಎನ್ನುವರು. ಒಮ್ಮೆ ನನ್ನ ಟೇಪಿಗೂ ಅವರ ಕೊಡೆಗೂ ತಾಳೆಯಾಗಲಿಲ್ಲ. ಟೇಪು ದೋಷಪೂರಿತ ಎಂದು ಷರಾ ಬರೆದರು. ಹಳೆಯ ಕೊಡೆ ಮುರಿದು ಅವರ ಮನೆಯವರು ಹೊಸದು ತಂದಿದ್ದರು, ಅದು ನಾಲ್ಕು ಬೆರಳು ಗಿಡ್ಡ ಎಂಬುದು ತಿಂಗಳ ಮೇಲೆ ತಿಳಿಯಿತು. ಷರಾ ಹೊಡೆದುಹಾಕಲಿಲ್ಲ. ಆ ಟೇಪು ಇವತ್ತಿಗೂ ಕಡತದಲ್ಲಿ ದೋಷಪೂರಿತವಾಗಿಯೇ ಇದೆ.

ಆ ದಿನಗಳಲ್ಲಿ ಮನೆ ಕಟ್ಟುವ ಜಾಗ ನೋಡುವವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಬಸ್ ಸ್ಟ್ಯಾಂಡಿಗೆ ಎಷ್ಟು ದೂರ?" ಪೇಟೆಯ ನಡುವೆ, ಅಂಗಡಿಯ ಮೇಲೆ ಎರಡು ಕೋಣೆ ಸಿಕ್ಕರೂ ಸಾಕು, ಬದುಕು ದಡ ಮುಟ್ಟಿತು ಎಂದು ನಂಬಿದ್ದರು. ಗದ್ದೆ ಬಯಲಿನಲ್ಲಿ ಮನೆ ಕಟ್ಟುತ್ತೇನೆ ಎಂದವನಿಗೆ ಹೆಣ್ಣು ಕೊಡಲು ಜನ ಯೋಚಿಸುತ್ತಿದ್ದರು. ಕುಮಟಾ ಪೇಟೆಯಲ್ಲಿ ಕೈ ಚಾಚಿದರೆ ಪಕ್ಕದ ಮನೆಯ ಒಗ್ಗರಣೆಗೆ ಉಪ್ಪು ಹಾಕಬಹುದಾದಂಥ ಕಿಟಕಿಗಳಿವೆ. ಅದನ್ನೇ ಒಂದು ಅನುಕೂಲ ಎಂದು ಹೇಳಿ ಮಾರುತ್ತಿದ್ದರು.

ಆಮೇಲೆ ಕೊರೊನಾ ಬಂತು. ಮೊದಲ ಬಂದ್ ಸಡಿಲವಾಗಿ ನಾವು ಕಚೇರಿಯ ಬಾಗಿಲು ತೆಗೆದಾಗ ಅರ್ಜಿಗಳ ಮೇಲೆ ಅರ್ಜಿಗಳು. ಎಲ್ಲರಿಗೂ ಊರ ಹೊರಗೆ ಜಾಗ ಬೇಕು. ಪ್ರಶ್ನೆಯೂ ಅದೇ, ಬೇಕಾದ ಉತ್ತರ ಮಾತ್ರ ತಿರುಗಿತ್ತು. "ಬಸ್ ಸ್ಟ್ಯಾಂಡಿಗೆ ಎಷ್ಟು ದೂರ?" ಎಂದು ಕೇಳಿದಾಗ, "ನಾಲ್ಕು ಕಿಲೋಮೀಟರ್" ಎಂದರೆ, "ಇನ್ನೂ ಸ್ವಲ್ಪ ದೂರ ಸಿಗೂದಿಲ್ವಾ?" ಎನ್ನುತ್ತಿದ್ದರು. ನಲವತ್ತು ವರ್ಷ ಗಾಳಿಯನ್ನೇ ನೋಡದವರ ಹಾಗೆ ಜನ ಗದ್ದೆಯ ನಡುವೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಗೊಬ್ಬರದ ಗುಂಡಿ ಇದ್ದರೂ ಎಳೆದುಕೊಳ್ಳುತ್ತಿದ್ದರು.

ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಮುಟ್ಟಳ್ಳಿ ಕಡೆ ತೆಂಗಿನ ತೋಟದ ಬದಿಗೆ ಜಾಗ ಮಾಡಿ ಚಂದದ ಮನೆ ಕಟ್ಟಿಸಿದರು. ಒಂದು ವರ್ಷದ ಮೇಲೆ ಸಿಕ್ಕಾಗ, "ಹೇಗಿದೆ ಹವಾ?" ಎಂದೆ. "ಹವಾ ಫಸ್ಟ್ ಕ್ಲಾಸ್ ಸಾಹೇಬ್ರೆ. ಮನೇಲಿ ಒಬ್ರೂ ಇಲ್ಲ ಹವಾ ತಗೊಳ್ಳೂಕೆ" ಎಂದು ನಕ್ಕರು. ಪೇಟೆಯ ಓಣಿಯಲ್ಲಿ ಅವರ ಹೆಂಡತಿ ಕಿಟಕಿಯಿಂದ ಕಿಟಕಿಗೆ ತಟ್ಟೆ ದಾಟಿಸಿ ಬೆಳೆದವರು. ಹೊಸ ಮನೆಯಲ್ಲಿ ಹನ್ನೆರಡು ಕಿಟಕಿ, ಒಂದರ ಆಚೆಗೂ ತಟ್ಟೆ ಹಿಡಿಯುವ ಕೈ ಇಲ್ಲ. ಹಾಗಾಗಿ ಆಕೆ ದಿನ ಬೆಳಗಾದರೆ ತವರಿನ ಓಣಿಗೆ ಹೋಗಿಬಿಡುತ್ತಿದ್ದರು. ಹೊನ್ನಾವರದ ಒಂದು ದಂಪತಿ ಮೊದಲ ಮಳೆಗೆ ಫೋನ್ ಮಾಡಿ, ಪಕ್ಕದ ಗದ್ದೆಯ ಕಪ್ಪೆಗಳ ಮೇಲೆ ಯಾರಿಗೆ ದೂರು ಕೊಡಬೇಕು ಎಂದು ಕೇಳಿದರು. ಕಪ್ಪೆಗಳು ಸರ್ವೆ ನಂಬರಿಗೆ ಸೇರುವುದಿಲ್ಲ ಎಂದು ಹೇಳಿದೆ.

ಎಲ್ಲರೂ ಹೊರಕ್ಕೇ ಓಡಿದರು ಎಂದುಕೊಳ್ಳಬೇಡಿ. ಎರಡನೆಯ ಅಲೆ ಇಳಿದ ಮೇಲೆ ಮಿರ್ಜಾನದ ಭಟ್ಟರೊಬ್ಬರು ಅಘನಾಶಿನಿ ದಂಡೆಯ ತೋಟದ ಮನೆಗೆ ಬೀಗ ಹಾಕಿ, ಕುಮಟಾದಲ್ಲಿ ಒಂದು ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದರು. "ಎಲ್ಲರೂ ಗಾಳಿ ಹುಡುಕ್ಕಂಡು ಹೊರಗೆ ಹೋದರೆ ನೀವು ಒಳಗೆ ಬಂದ್ರಲ್ಲ ಭಟ್ರೆ?" ಎಂದು ಕೆಣಕಿದೆ.

"ಅಲ್ಲಿ ಗಾಳಿ ಬೇಕಾದಷ್ಟು ಇದ್ದು ಮಾರಾಯಾ" ಎಂದರು ಭಟ್ಟರು. "ಅದನ್ನ ಎಳಕಂಬಲೆ ಆಗದೇ ಇದ್ದಾಗ ಅಲ್ಲಿ ಹತ್ರ ಯಾವ ಆಸ್ಪತ್ರೆಯೂ ಇಲ್ಲೆ."

ಅವರ ಅಣ್ಣ ಆ ಬೇಸಿಗೆಯಲ್ಲಿ ಆಂಬುಲೆನ್ಸಿಗಾಗಿ ಕಾಯುತ್ತಲೇ ತೀರಿಹೋಗಿದ್ದರು. ನನಗದು ಗೊತ್ತಿರಲಿಲ್ಲ. ಕೆಣಕುವ ಮೊದಲು ಕೇಳಬೇಕು ಎಂಬುದನ್ನು ನಾನು ಹೀಗೆ ಕಂತು ಕಂತಾಗಿ ಕಲಿತವನು.

ಈಗ ಆ ದೊಡ್ಡ ತಪ್ಪಿಗೆ ಬರುತ್ತೇನೆ.

ಕುಮಟಾ ಪೇಟೆಯಲ್ಲಿ ಉಮೇಶ ಎಂಬವರದು ಪಾತ್ರೆ ಅಂಗಡಿ. ಅಂಗಡಿಯ ಮೇಲೆ ಅವರ ಮನೆ. ಒಂದೇ ಮೆಟ್ಟಿಲಿನ ಸಾಲಿಗೆ ಅವರದೂ ಸೇರಿ ನಾಲ್ಕು ಮನೆಗಳು. ಬಂದ್ ಕಾಲದಲ್ಲಿ ಉಮೇಶರ ಹೆಂಡತಿ ಶಾಲಿನಿ ಕಿಟಕಿಯಿಂದ ಹಗ್ಗಕ್ಕೆ ಬಾಲ್ದಿ ಕಟ್ಟಿ ಇಳಿಸುತ್ತಿದ್ದರು. ಹೊಳನಗದ್ದೆಯ ದೇವಮ್ಮ ಅದರಲ್ಲಿ ತರಕಾರಿ ತುಂಬುತ್ತಿದ್ದರು. ದೇವಮ್ಮ ತನ್ನ ಗದ್ದೆಯಲ್ಲಿ ಹರಿವೆ, ಬದನೆ, ಮೂಲಂಗಿ ಬೆಳೆದು, ಹೆಡಿಗೆ ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ತಂದು ಪೇಟೆಯ ಮನೆಗಳಿಗೆ ಮಾರುವ ಹೆಂಗಸು. ಬಸ್ಸಿಲ್ಲದ ಆ ದಿನಗಳಲ್ಲಿ ನಡೆದೇ ಬರುತ್ತಿದ್ದರು. ಒಂದು ದಿನ ಬಾಲ್ದಿ ಮೇಲೇರುವಾಗ ಕೆಳಗಿನಿಂದ, "ಅಮ್ಮಾ, ನಮ್ಮ ಗದ್ದೆ ಬದಿಗೆ ಎಂಟು ಗುಂಟೆ ಜಾಗ ಕೊಡ್ತಾರಂತೆ" ಎಂದು ಕೂಗಿದರು. ಆ ಜಾಗವನ್ನೇ ಉಮೇಶ ಮತ್ತು ಶಾಲಿನಿ ಕೊಂಡರು. ಗಡಿ ಗುರುತಿಸಿ ಕಲ್ಲು ಹಾಕಿಕೊಡುವ ಕೆಲಸ ನನ್ನದಾಯಿತು.

ಆ ದಿನ ನಾನು ಎರಡು ಮಾಸ್ಕು ಹಾಕಿಕೊಂಡು ಹೋಗಿದ್ದೆ. ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಚೇರಿಯ ಒಬ್ಬರು ಆಗಷ್ಟೇ ಆಸ್ಪತ್ರೆ ಸೇರಿದ್ದರು. ಎಲ್ಲರನ್ನೂ ದೂರ ದೂರ ನಿಲ್ಲಿಸಿದೆ. ಉಮೇಶ ಥರ್ಮಾಸಿನಲ್ಲಿ ಚಹಾ ತಂದು ಕಾಗದದ ಲೋಟ ಮುಂದೆ ಮಾಡಿದರೆ, ಹಾವು ಕಂಡವನ ಹಾಗೆ ಹಿಂದಕ್ಕೆ ಸರಿದೆ. ದೇವಮ್ಮ ತನ್ನ ಗದ್ದೆಯ ಅಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. "ಗಡಿಗೆ ನಿಮ್ಮದೇನಾದ್ರೂ ತಕರಾರು ಉಂಟಾ?" ಎಂದು ಅಲ್ಲಿಂದಲೇ ಕೂಗಿದೆ. "ನಂದೆಂತ ತಕರಾರು?" ಎಂದರು.

ಆ ಎಂಟು ಗುಂಟೆಯ ನಡುವೆ ಹುಲ್ಲು ಸವೆದು ಒಂದು ಗೆರೆ ಬಿದ್ದಿತ್ತು. ದೇವಮ್ಮನ ಗದ್ದೆಯಿಂದ ಹೊರಟು ಅಡ್ಡಲಾಗಿ ಹಾದು ರಸ್ತೆ ಸೇರುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಇದು ಯಾರ ದಾರಿ ಎಂದು ಕೇಳಿದ್ದರೆ ಮಾತು ಬೆಳೆಯುತ್ತಿತ್ತು, ಜನ ಹತ್ತಿರ ಬರುತ್ತಿದ್ದರು, ಇನ್ನೂ ಅರ್ಧ ಗಂಟೆ ನಿಲ್ಲಬೇಕಾಗುತ್ತಿತ್ತು. ದನ ಓಡಾಡಿದ ಗೆರೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪಂಚನಾಮೆಯಲ್ಲಿ "ಸದರಿ ಜಾಗದಲ್ಲಿ ಯಾವುದೇ ದಾರಿ ಇರುವುದಿಲ್ಲ" ಎಂದು ಬರೆದು, ಹಾರಿಹೋಗದಂತೆ ಅದರ ಮೇಲೊಂದು ಕಲ್ಲಿಟ್ಟು ದೂರ ಸರಿದೆ. ಒಬ್ಬೊಬ್ಬರಾಗಿ ಬಂದು ಸಹಿ ಮಾಡಿದರು. ದೇವಮ್ಮ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಬರೆದದ್ದನ್ನು ಅವರಿಗೆ ಯಾರೂ ಓದಿ ಹೇಳಲಿಲ್ಲ. ಓದಿ ಹೇಳಬೇಕಾದವನು ನಾನೇ.

ನಾನು ಹೊರಡುವಾಗ ಶಾಲಿನಿ, "ಕಂಪೌಂಡು ಎಷ್ಟು ಎತ್ತರ ಕಟ್ಟಬಹುದು ಸಾಹೇಬ್ರೆ?" ಎಂದು ಕೇಳಿದರು.

"ಕೋಟೆ ಕಟ್ಟೂದಾ? ಮಿರ್ಜಾನದಲ್ಲಿ ಈಗಾಗ್ಲೇ ಒಂದಿದೆಯಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. "ನಮ್ಮತ್ತೆಗೆ ಕಾಯಿಲೆ ಬಂದದ್ದು ಆ ಮೆಟ್ಟಿಲಿಂದಲೇ. ಅವರು ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಇನ್ನು ಯಾರ ಉಸಿರೂ ನಮ್ಮ ಬಾಗಿಲಿಗೆ ಬರೂದು ಬೇಡ" ಎಂದರು. ಅತ್ತೆ ತೀರಿಕೊಂಡು ಆಗ ಎರಡು ತಿಂಗಳಾಗಿತ್ತಷ್ಟೆ. ನನ್ನ ಹಾಳು ನಾಲಿಗೆಯನ್ನು ಎಲ್ಲಾದರೂ ಹೂತು ಬರಬೇಕು ಅನ್ನಿಸಿತು. ಆರಡಿ ಎತ್ತರಕ್ಕೆ ಕಟ್ಟಿ ಎಂದು ಹೇಳಿ ಬಂದೆ. ಅವರು ಹಾಗೆಯೇ ಕಟ್ಟಿದರು, ನಾಲ್ಕೂ ಕಡೆ, ಚಿರೇಕಲ್ಲಿನಲ್ಲಿ.

ಎರಡು ವರ್ಷ ಕಳೆಯಿತು. ಜನ ಮಾಸ್ಕು ಬಿಟ್ಟರು, ಮದುವೆ ಊಟಗಳಲ್ಲಿ ಮತ್ತೆ ಹಂತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಊರ ಹೊರಗೆ ಮನೆ ಕಟ್ಟಿದವರಲ್ಲಿ ಕೆಲವರು ಬಾಡಿಗೆಗೆ ಕೊಟ್ಟು ಪೇಟೆಗೆ ಮರಳಿದ್ದರು, ಕೆಲವರು ಅಲ್ಲೇ ಬೇರು ಬಿಟ್ಟಿದ್ದರು. ಶಾಲಿನಿ ಎರಡನೆಯ ಗುಂಪಿನವರು. ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ, ಮನೆಯ ನಕ್ಷೆಯ ಕೆಲಸಕ್ಕೆಂದು ಅವರು ಮತ್ತೆ ಕರೆಸಿದರು. ಈ ಸಲ ಜಗಲಿಯಲ್ಲಿ ಕೂತು ಸರಿಯಾಗಿ ಚಹಾ ಕುಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರ ದೇವಮ್ಮ ಹೆಡಿಗೆ ಇಳಿಸಿದರು. ಮೈಯೆಲ್ಲ ಬೆವರು.

"ನೋಡಿ ಸಾಹೇಬ್ರೆ" ಎಂದು ಶಾಲಿನಿ ನಕ್ಕರು. "ನಾವು ಪೇಟೆಲಿದ್ದಾಗ ಏಳೂವರೆಗೆಲ್ಲ ಕಿಟಕಿ ಕೆಳಗೆ ಹಾಜರ್ ಈ ದೇವಮ್ಮ. ಈಗ ಗದ್ದೆ ಪಕ್ಕಕ್ಕೇ ಬಂದೇವೆ, ಇದು ಬರೂದು ಒಂಬತ್ತಕ್ಕೆ."

"ಹೊತ್ತಾತದೆ ಅಮ್ಮಾ, ಸುತ್ತು ಹಾಕ್ಕಂಡು ಬರೂಕೆ" ಎಂದರು ದೇವಮ್ಮ.

"ಪಕ್ಕದಿಂದ ಬರೂಕೆ ಎಂತ ಸುತ್ತು?" ಎಂದು ಕೇಳಿದೆ.

ದೇವಮ್ಮ ಸುಮ್ಮನೆ ಬದನೆಕಾಯಿ ಆರಿಸತೊಡಗಿದರು. ನಾನು ಬಿಡಲಿಲ್ಲ, ಮತ್ತೆ ಕೇಳಿದೆ. ಆಗ ಗದ್ದ ಎತ್ತಿ ಗೋಡೆಯ ಕಡೆ ತೋರಿಸಿದರು. "ಮೊದ್ಲು ಇಲ್ಲೇ ದಾಟ್ತಿದ್ದೆ. ನಮ್ಮತ್ತಿ ಕಾಲದಿಂದ ಇಲ್ಲೇ ದಾರಿ. ಈಗ ಕೆಳಗಿನ ಕೇರಿ ಸುತ್ತಿ ಬರಬೇಕು. ಬೆಳ್ಕಾದ ಮೇಲೆ ಕೊಯ್ದು, ಹೆಡಿಗೆ ಹೊತ್ಕಂಡು ಬರೂದ್ರೊಳಗೆ ಏಳರ ಬಸ್ಸು ಹೋಗಾತದೆ. ಪೇಟೆಗೆ ಹೋಗೂದು ಬಿಟ್ಟೆ. ಇಲ್ಲೇ ನಾಲ್ಕು ಮನೆಗೆ ಕೊಡ್ತೆ. ಈ ವರ್ಷ ಅರ್ಧ ಗದ್ದಿಗೆ ಮಾತ್ರ ನೆಟ್ಟದ್ದು."

ಶಾಲಿನಿಯ ಮುಖದ ನಗು ಹಾಗೆಯೇ ನಿಂತಿತು. "ಎರಡು ವರ್ಷದಿಂದ ದಿನಾ ನನ್ನ ಗೇಟಿಗೆ ಬರ್ತೀ ನೀನು. ಒಂದು ಮಾತು ಹೇಳ್ಬಾರ್ದಾ?"

"ಎಂತ ಹೇಳೂದು? ಜಾಗ ತೋರ್ಸಿದ್ದು ನಾನೇ. ಅಮ್ಮಂಗೆ ಗೋಡೆ ಬೇಕಿತ್ತು. ಸಾಹೇಬ್ರು ಕೇಳಿದ್ದು ಗಡಿ ತಕರಾರು, ಗಡಿ ಸಮ ಇತ್ತು. ದಾರಿ ಕಾಗದದಲ್ಲಿ ಇಲ್ಲ ಅಂತ ಕೇರಿಯವ್ರು ಹೇಳಿದ್ರು."

ಕಾಗದದಲ್ಲಿ ಇಲ್ಲದ ಹಾಗೆ ಮಾಡಿದವನು ಅಲ್ಲೇ ಕೂತು ಚಕ್ಕುಲಿ ತಿನ್ನುತ್ತಿದ್ದ. ನನಗೆ ನಾಚಿಕೆಯಾಯಿತು. ಸುತ್ತು ಬಳಸಿ ಹೇಳಲು ಹೋಗಲಿಲ್ಲ. ಅವತ್ತು ಆ ಗೆರೆ ನೋಡಿದ್ದೆ, ಹೆದರಿಕೆಯಿಂದ ಕೇಳಲಿಲ್ಲ, ಇಲ್ಲವೆಂದು ಬರೆದೆ ಎಂದು ಇಬ್ಬರಿಗೂ ಹೇಳಿದೆ. ಒಳಗಿನಿಂದ ಉಮೇಶ ಬಂದರು. ಎಲ್ಲ ಕೇಳಿದ ಮೇಲೆ, "ಸಾಹೇಬ್ರೆ, ನಿಮ್ಮ ಕಾಗದ ನಂಬಿ ನಾನು ಗೋಡೆ ಕಟ್ಟಿದ್ದು. ಈಗ ನೀವೇ ಬಂದು ಸುಳ್ಳು ಅಂದ್ರೆ ಹೇಗೆ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಾಲಿನಿ ಗೋಡೆಯನ್ನೇ ನೋಡುತ್ತ ನಿಂತಿದ್ದರು. ನಾನು ಅರ್ಧ ಲೋಟ ಚಹಾ ಬಿಟ್ಟು ಎದ್ದುಬಂದೆ.

ಕಚೇರಿಯಲ್ಲಿ ಮೇಲಧಿಕಾರಿಗೆ ವಿಷಯ ಹೇಳಿದೆ. ಕೊಡೆಯವರಲ್ಲ, ಅವರು ನಿವೃತ್ತರಾಗಿ ಯಾವ ಕಾಲವಾಯಿತೋ. ಇವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದವರು. "ಮೂರು ತಿಂಗಳು ಉಳಿದಿದೆ ನಿಮಗೆ. ಸುಮ್ಮನಿರಿ. ನಿಮ್ಮ ಪಂಚನಾಮೆ ತಪ್ಪು ಅಂತ ನೀವೇ ಬರೆದುಕೊಟ್ಟರೆ ನೋಟಿಸ್ ಬರುತ್ತೆ, ಪೆನ್ಶನ್ ಕಾಗದ ನಿಲ್ಲುತ್ತೆ. ಆ ಹೆಂಗಸಿಗೆ ದಾರಿ ಬೇಕಾದರೆ ಕೋರ್ಟಿಗೆ ಹೋಗಲಿ" ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ನೀವು ಮಾಡಿದ ತಪ್ಪಿಗೆ ಆ ಹೆಂಗಸು ಯಾಕೆ ಕೋರ್ಟಿಗೆ ಹೋಗ್ಬೇಕು? ಹೆಡಿಗೆ ಹೊತ್ಕಂಡು ಹೋಗೂದಾ?" ಎಂದು ಕೇಳಿ ಮತ್ತೆ ತೆಂಗಿನಕಾಯಿ ತುರಿಯತೊಡಗಿದಳು. ಮರುದಿನ ಅದೇ ಕೇರಿಗೆ ಹೋದೆ. ಐದು ಮನೆಯ ಅಂಗಳದಲ್ಲಿ ಕೂತು ಹಳಬರನ್ನು ವಿಚಾರಿಸಿ, ಹೇಳಿಕೆ ಬರೆದುಕೊಂಡೆ. ನಕ್ಷೆಯಲ್ಲಿ ಕಾಲುದಾರಿಗೆ ಹಾಕುವ ಚುಕ್ಕೆ ಗೆರೆಯನ್ನು ಆ ಎಂಟು ಗುಂಟೆಯ ಮೇಲೆ ಎಳೆದು, ಹಿಂದಿನ ನನ್ನ ಪಂಚನಾಮೆ ತಪ್ಪು ಎಂದು ವರದಿ ಕೊಟ್ಟೆ. ವರದಿಯಿಂದ ಗೋಡೆ ತಾನಾಗಿ ಬೀಳುವುದಿಲ್ಲ. ಆ ಗೋಡೆ ಉಮೇಶ, ಶಾಲಿನಿಯವರ ಕೈಯಲ್ಲೇ ಇತ್ತು. ಅವರು ಬೇಡವೆಂದರೆ ದೇವಮ್ಮನಿಗೆ ಉಳಿಯುವುದು ಕೋರ್ಟು, ಕೋರ್ಟು ಮುಗಿಯುವ ಹೊತ್ತಿಗೆ ಹೆಡಿಗೆ ಹೊರುವ ವಯಸ್ಸು ಉಳಿಯುವುದಿಲ್ಲ.

ವಾರ ಕಳೆದ ಮೇಲೆ ಶಾಲಿನಿಯ ಫೋನ್ ಬಂತು: "ಟೇಪು ತಕಂಡು ಬನ್ನಿ."

ಹೋದರೆ ಅಂಗಳದಲ್ಲಿ ಇಬ್ಬರು ಗಾರೆ ಕೆಲಸದವರು ನಿಂತಿದ್ದರು. ದೇವಮ್ಮ ಗೋಡೆಯ ಆಚೆ ತನ್ನ ಗದ್ದೆಯಲ್ಲಿದ್ದರು. ಆರಡಿ ಗೋಡೆಯ ಮೇಲೆ ಅವರ ಹೆಡಿಗೆ ಮಾತ್ರ ಕಾಣುತ್ತಿತ್ತು. "ಎಷ್ಟು ಅಗಲ ಒಡೀಬೇಕು?" ಎಂದು ಶಾಲಿನಿ ಕೇಳಿದರು. ನಾನು ಕಾಲುದಾರಿಗೆ ಇಷ್ಟು, ಕೈಗಾಡಿಗೆ ಇಷ್ಟು ಎಂದು ನಿಯಮ ಹೇಳತೊಡಗಿದೆ. ಆಚೆಯಿಂದ ದೇವಮ್ಮ, "ಅಷ್ಟೆಲ್ಲಾ ಎಂತಕ್ಕೆ? ಹೆಡಿಗೆ ಮತ್ತೆ ನನ್ನ ಎರಡು ಮೊಣಕೈ ದಾಟಿದ್ರೆ ಸಾಕು" ಎಂದರು. ಹಾಗೆ ಎರಡೂ ಕೈಯಿಂದ ಹೆಡಿಗೆ ಹಿಡಿದು ಗೋಡೆಗೆ ತಾಗಿ ನಿಂತರು. ಅವರ ಮೊಣಕೈ ಎಲ್ಲಿಂದ ಎಲ್ಲಿಯವರೆಗೆ ಎಂದು ಗಾರೆಯವನು ಏಣಿ ಹತ್ತಿ ನೋಡಿ ಎರಡು ಗೆರೆ ಎಳೆದ. ನನ್ನ ಟೇಪು ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಉಮೇಶರಿಗೆ ಇನ್ನೂ ಸಮಾಧಾನವಿರಲಿಲ್ಲ. "ನಾಳೆ ಇನ್ನೊಂದು ಕಾಯಿಲೆ ಬಂದ್ರೆ? ಅದಕ್ಕೇ ಅಲ್ವಾ ಪೇಟೆ ಬಿಟ್ಟು ಬಂದದ್ದು? ಅದಕ್ಕೇ ಅಲ್ವಾ ಗೋಡೆ ಕಟ್ಟಿದ್ದು?" ಎಂದು ಹೆಂಡತಿಯನ್ನು ಕೇಳಿದರು.

"ಬಂದ್ರೆ ಬರ್ಲಿ" ಎಂದರು ಶಾಲಿನಿ. "ಅತ್ತೆ ಹೋದ ದಿನ ಮೆಟ್ಟಿಲ ಮೇಲಿನ ಮೂರು ಮನೆಯವ್ರೂ ಬಾಗಿಲು ಹಾಕ್ಕಂಡಿದ್ರು. ಅವರದೂ ತಪ್ಪಲ್ಲ, ಹೆದರಿಕೆ. ಕಿಟಕಿ ಕೆಳಗೆ ನಿಂತು 'ಅಮ್ಮಾ, ಎಂತ ಬೇಕು ಹೇಳಿ, ತಕಂಡ್ ಬತ್ತೆ' ಅಂತ ಕೂಗಿದ್ದು ದೇವಮ್ಮ ಒಂದೇ. ಸಂಜೆವರೆಗೆ ಹೋಗ್ಲಿಲ್ಲ. ಇನ್ನೊಂದು ಸಲ ಕಾಯಿಲೆ ಬಂದ್ರೆ ನಮ್ಮ ಬಾಗಿಲಿಗೆ ಬರೂದು ಯಾರು? ಬರೂ ದಾರಿಗೇ ಗೋಡೆ ಕಟ್ಕಂಡು ಕೂತೇನಲ್ಲ ನಾನು!"

ಗಾರೆಯವರು ಗೋಡೆ ಒಡೆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಉಮೇಶರೇ ಹೋಗಿ ಒಡೆದ ಕಲ್ಲುಗಳನ್ನು ಬದಿಗೆ ಜೋಡಿಸತೊಡಗಿದರು. ದೇವಮ್ಮ ಮೊದಲ ಸಲ ಆ ಕಿಂಡಿಯಲ್ಲಿ ದಾಟಿ ಬಂದವರು ನಿಂತು ಎರಡೂ ಮೊಣಕೈ ನೋಡಿಕೊಂಡು, "ಆತು" ಎಂದರು. ಶಾಲಿನಿ ಅಳುತ್ತಿದ್ದರು. ನನಗೂ ಕಣ್ಣು ತುಂಬಿ ಬಂತು. ಗಾರೆಯ ಧೂಳು ಎಂದು ಸುಳ್ಳು ಹೇಳಿದೆ, ಯಾರೂ ನಂಬಲಿಲ್ಲ.

ಮೇಲಧಿಕಾರಿ ಹೇಳಿದಂತೆಯೇ ನೋಟಿಸು ಬಂತು. ನಿವೃತ್ತಿಯ ದಿನ ಶಾಲು ಹೊದಿಸಿ ಹಾರ ಹಾಕಿದರು, ಪೆನ್ಶನ್ ಕಾಗದ ಮಾತ್ರ ತಡೆಹಿಡಿದರು. ಒಂದೇ ಜಾಗದಲ್ಲಿ ದಾರಿ ಇಲ್ಲವೆಂದೂ ಆಮೇಲೆ ಇದೆಯೆಂದೂ ಬರೆದುದಕ್ಕೆ ಸಮಜಾಯಿಷಿ ಕೊಡಬೇಕಂತೆ. ಕೊರೊನಾ ಪರಿಸ್ಥಿತಿ, ಸಾಮಾಜಿಕ ಅಂತರ, ಸಿಬ್ಬಂದಿ ಕೊರತೆ ಎಂದೆಲ್ಲ ಎರಡು ಪುಟ ಬರೆದೆ. ಓದಿ ನೋಡಿದೆ. ಒಂದೊಂದು ವಾಕ್ಯವೂ ನಿಜವಾಗಿತ್ತು, ನನ್ನ ತಪ್ಪು ಮಾತ್ರ ಎಲ್ಲೂ ಇರಲಿಲ್ಲ. ಎರಡೂ ಪುಟಗಳನ್ನು ಹರಿದೆ. ಹೊಸ ಹಾಳೆಯಲ್ಲಿ ಇಷ್ಟೇ ಬರೆದು ಸಹಿ ಮಾಡಿ ಕಳಿಸಿದೆ: "ಮೊದಲನೆಯ ಸಲ ಕೇಳದೆ ಬರೆದೆ. ಎರಡನೆಯ ಸಲ ಕೇಳಿ ಬರೆದೆ."